ಬಾವಿ ನೀರಿನ ಕಬ್ಬಿಣ ಹಾಟ್ ಟಬ್ಬಿನ ಹೊರಗೇ ಕಳೆಯಲಿ

ಬಾವಿಯ ನೀರನ್ನು ಹಾಟ್ ಟಬ್ಬಿಗೆ (ಕುಳಿತು ಮೀಯುವ ಬಿಸಿನೀರಿನ ತೊಟ್ಟಿಗೆ) ತುಂಬಿಸುವವರಿಂದ ನನಗೆ ಬರುವ ದೂರುಗಳಲ್ಲಿ ಹೆಚ್ಚಿನವು ಒಂದೇ ತೆರನಾದವು. ತುಂಬಿಸುವಾಗ ತಳ ಕಾಣುವಷ್ಟು ತಿಳಿಯಾಗಿದ್ದ ನೀರು, ಕ್ಲೋರಿನ್ ಹಾಕಿದ ಸ್ವಲ್ಪ ಹೊತ್ತಿಗೇ ಹಸಿರು ಬೆರೆತ ಹಳದಿಗೆ, ಆಮೇಲೆ ಕಂದು ಬಣ್ಣಕ್ಕೆ ತಿರುಗಿತು ಎನ್ನುತ್ತಾರೆ. ಕ್ಲೋರಿನ್ ಕಳಪೆಯಾಗಿರಬೇಕು, ಇಲ್ಲವೇ ನೀರಿನಲ್ಲಿ ಪಾಚಿ ಕಟ್ಟಿರಬೇಕು ಎಂದು ಅನುಮಾನಿಸುತ್ತಾರೆ. ತುಂಬಿಸಿದ ದಿನವೇ ಹೀಗಾಗಿದ್ದರೆ ಬಹುಪಾಲು ಎರಡೂ ಅಲ್ಲ. ನೀರಿನಲ್ಲಿ ಮೊದಲಿನಿಂದಲೂ ಕಣ್ಣಿಗೆ ಕಾಣದಂತೆ ಕರಗಿದ್ದ ಕಬ್ಬಿಣ ಈಗ ತುಕ್ಕಾಗಿ ಹೊರಬಿದ್ದಿದೆ, ಅಷ್ಟೇ.

ನೆಲದಾಳದಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವ ಪದರಗಳಲ್ಲಿ ಕಬ್ಬಿಣವು ಫೆರಸ್ ರೂಪದಲ್ಲಿ ಕರಗಿರುತ್ತದೆ, ಮತ್ತು ಆ ರೂಪದಲ್ಲಿ ಅದಕ್ಕೆ ಹೇಳಿಕೊಳ್ಳುವಂಥ ಬಣ್ಣವಿಲ್ಲ. ಗಾಳಿಯ ಆಮ್ಲಜನಕವೋ ಕ್ಲೋರಿನ್ನೋ ಬ್ರೋಮಿನ್ನೋ ತಾಗಿದಾಗ ಅದು ಫೆರಿಕ್ ರೂಪಕ್ಕೆ ಬದಲಾಗಿ, ನೀರಿನಲ್ಲಿ ಕರಗದ ಹೈಡ್ರಾಕ್ಸೈಡ್ ಆಗಿ, ಕಂದು ಬಣ್ಣದ ನುಣುಪಾದ ಗಸಿಯಾಗಿ ಬೇರ್ಪಡುತ್ತದೆ. ಈ ಬದಲಾವಣೆಗೆ ಬೇಕಾದ ಎಲ್ಲವನ್ನೂ ಒಂದೇ ಕಡೆ ಕೂಡಿಹಾಕಿದ ಪಾತ್ರೆ ಹಾಟ್ ಟಬ್. ಅದರ ಜೆಟ್‌ಗಳು ಗಾಳಿಯನ್ನು ನೀರಿಗೆ ನುಗ್ಗಿಸುತ್ತವೆ. ಬಾವಿ ನೀರಿನಲ್ಲಿ ಸಾಮಾನ್ಯವಾಗಿ ಕರಗಿರುವ ಇಂಗಾಲದ ಡೈಆಕ್ಸೈಡ್ ಆ ಕಲಕಾಟದಲ್ಲಿ ಹಾರಿಹೋಗಿ ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ) ಏರುತ್ತದೆ. ಪಿಎಚ್ ಒಂದು ಅಂಕ ಏರಿದರೆ, ಗಾಳಿಯಿಂದ ಕಬ್ಬಿಣ ತುಕ್ಕಾಗುವ ವೇಗ ಸುಮಾರು 100 ಪಟ್ಟು ಹೆಚ್ಚುತ್ತದೆ. ಇದರ ಮೇಲೆ ಬಿಸಿಯೂ ಕ್ಲೋರಿನ್ನೂ ಇವೆ. ಹೀಗಾಗಿ ನನ್ನ ನಿಲುವು ಇದು: ಕಬ್ಬಿಣ ತುಕ್ಕಾಗುವುದನ್ನು ತಡೆಯಲು ಹೆಣಗುವ ಬದಲು, ಅದು ಎಲ್ಲಿ ತುಕ್ಕಾಗಬೇಕು ಎಂಬುದನ್ನು ನಾವೇ ನಿರ್ಧರಿಸಬೇಕು, ಮತ್ತು ಆ ಜಾಗ ಟಬ್ಬಿನ ಹೊರಗಿರಬೇಕು.

ಪ್ರಮಾಣದ ಅಂದಾಜು ಸಿಗಲು ಒಂದು ಸಣ್ಣ ಲೆಕ್ಕ ಸಾಕು. ನೀರಿನಲ್ಲಿ ಕಬ್ಬಿಣ ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಬಟ್ಟೆಗೂ ಪಿಂಗಾಣಿ ತೊಟ್ಟಿಗಳಿಗೂ ಕಲೆ ಹಿಡಿಯತೊಡಗುತ್ತದೆ. ಲೀಟರಿಗೆ 3 ಮಿಲಿಗ್ರಾಂ ಇರುವ ನೀರನ್ನು 1,500 ಲೀಟರ್ ಹಿಡಿಸುವ ಟಬ್ಬಿಗೆ ತುಂಬಿಸಿದರೆ ಒಳಗೆ ಬರುವ ಕಬ್ಬಿಣ 4.5 ಗ್ರಾಂ. ಅದು ಹೈಡ್ರಾಕ್ಸೈಡ್ ಆದಾಗ ಒಣ ತೂಕದಲ್ಲಿ 8.5 ಗ್ರಾಂ ಮೀರುತ್ತದೆ, ಆದರೆ ನೀರು ಹೀರಿದ ಲೋಳೆಯ ರೂಪದಲ್ಲಿರುವುದರಿಂದ ಫಿಲ್ಟರಿನ ಮಡಿಕೆಗಳನ್ನೆಲ್ಲ ಮುಚ್ಚಿಬಿಡುವಷ್ಟು ಜಾಗ ಹಿಡಿಯುತ್ತದೆ. ತುಂಬಿಸಿದ ಮರುದಿನ ಫಿಲ್ಟರಿನ ಕಾರ್ಟ್ರಿಜ್, ಅಂದರೆ ಮಡಿಕೆ ಬಟ್ಟೆಯ ಉರುಳೆ, ಹೊರತೆಗೆದರೆ ಬಿಳಿಯಾಗಿದ್ದ ಬಟ್ಟೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ. ಮಡಿಕೆಯನ್ನು ಬೆರಳಿನಿಂದ ಅಗಲಿಸಿದರೆ ಒಳಗೆ ಜಾರುವ ಮೆತ್ತನೆಯ ಪದರ ಕಾಣುತ್ತದೆ, ತೊಳೆದಷ್ಟೂ ಕೆಂಪು ನೀರು ಇಳಿಯುತ್ತಲೇ ಇರುತ್ತದೆ.

ಔಷಧಿ ಕೊಳ್ಳುವ ಮೊದಲು ನೀರನ್ನು ನೋಡಿ. ಬಾವಿಗೆ ಅತಿ ಹತ್ತಿರದ ನಲ್ಲಿಯಿಂದ, ಸ್ವಲ್ಪ ಹೊತ್ತು ನೀರು ಹರಿಯಬಿಟ್ಟು, ಒಂದು ಬಿಳಿ ಬಕೆಟ್ ತುಂಬಿಸಿಡಿ. ಮೊದಲು ತಿಳಿಯಾಗಿದ್ದು ಕೆಲವು ಗಂಟೆಗಳಲ್ಲಿ ಹಳದಿಯಾಗಿ, ಬೆಳಗಾಗುವಷ್ಟರಲ್ಲಿ ತಳದಲ್ಲಿ ಕಂದು ಗಸಿ ನಿಂತರೆ ಅದು ಕರಗಿದ ಕಬ್ಬಿಣ. ನಲ್ಲಿಯಿಂದಲೇ ಬಗ್ಗಡವಾಗಿ ಬಂದರೆ ಕಬ್ಬಿಣ ಬಾವಿಯಲ್ಲೋ ಪೈಪಿನಲ್ಲೋ ಆಗಲೇ ತುಕ್ಕಾಗಿದೆ. ಚಹಾದಂಥ ಬಣ್ಣವಿದ್ದು ಎರಡು ದಿನ ಇಟ್ಟರೂ ಗಸಿ ಇಳಿಯದಿದ್ದರೆ, ಕೊಳೆತ ಸಸ್ಯಗಳಿಂದ ಬಂದ ಸಾವಯವ ವಸ್ತುಗಳು ಕಬ್ಬಿಣವನ್ನು ಹಿಡಿದುಕೊಂಡಿರಬಹುದು. ಶೌಚಾಲಯದ ಫ್ಲಶ್ ಟ್ಯಾಂಕಿನ ಒಳಗೋಡೆಗೆ ಕಿತ್ತಳೆ ಬಣ್ಣದ ಲೋಳೆ ಕಟ್ಟಿದ್ದರೆ ಕಬ್ಬಿಣದ ಬ್ಯಾಕ್ಟೀರಿಯಾ ಇರಬಹುದು. ಈ ಕೊನೆಯ ಎರಡು ಸಂದರ್ಭಗಳಿಗೆ ಟಬ್ಬಿನ ಬಳಿ ಪರಿಹಾರವಿಲ್ಲ, ಬಾವಿಯಿಂದಲೇ ಆರಂಭಿಸಬೇಕು. ಪ್ರಯೋಗಾಲಯಕ್ಕೆ ಕೊಡುವಾಗ ಒಟ್ಟು ಕಬ್ಬಿಣ, ಕರಗಿದ ಕಬ್ಬಿಣ, ಪಿಎಚ್, ಕ್ಷಾರತೆ, ಗಡಸುತನದ ಜೊತೆಗೆ ಮ್ಯಾಂಗನೀಸನ್ನೂ ಅಳೆಯಲು ಹೇಳಿ. ಅದು ಕಬ್ಬಿಣದ ಜೊತೆಗೇ ಬರುವುದುಂಟು. ಅದಕ್ಕಿಂತ ನಿಧಾನವಾಗಿ ಬೇರ್ಪಟ್ಟು, ನೀರು ಸರಿಹೋಯಿತು ಎಂದುಕೊಂಡ ಮೇಲೆ ಕಪ್ಪು ಕಲೆ ಬಿಡುತ್ತದೆ.

ಇನ್ನು ಚಿಕಿತ್ಸೆ. ಇಲ್ಲಿ ಇರುವ ದಾರಿಗಳು ಎರಡು, ಮತ್ತು ಅವು ಒಂದಕ್ಕೊಂದು ವಿರುದ್ಧ ದಿಕ್ಕಿನವು. ಒಂದು, ಕಬ್ಬಿಣವನ್ನು ತುಕ್ಕಾಗಿಸಿ ಸೋಸಿ ತೆಗೆಯುವುದು. ಇನ್ನೊಂದು, ಅದು ತುಕ್ಕಾಗದಂತೆ ಕರಗಿದ ಸ್ಥಿತಿಯಲ್ಲೇ ಕಟ್ಟಿಹಾಕುವುದು. ಅಂಗಡಿಗಳಲ್ಲಿ ಕಲೆ ನಿವಾರಕ ಅಥವಾ ಲೋಹ ನಿಯಂತ್ರಕ ಎಂದು ಸಿಗುವ ದ್ರವಗಳು ಈ ಕೆಲಸ ಮಾಡುತ್ತವೆ, ಅವುಗಳಲ್ಲಿ ಹಲವು ಫಾಸ್ಫೋನಿಕ್ ಆಮ್ಲದ ಬಗೆಯವು. ಜನ ಮಾಡುವ ಎಡವಟ್ಟೆಂದರೆ ಎರಡನ್ನೂ ಒಟ್ಟಿಗೆ ಹಿಡಿಯುವುದು. ದ್ರವ ಹಾಕಿ ಕಟ್ಟಿಹಾಕಿದ ಕಬ್ಬಿಣ ಫಿಲ್ಟರಿನಲ್ಲಿ ನಿಲ್ಲುವುದಿಲ್ಲ, ನೀರಿನೊಂದಿಗೆ ಹಾದುಹೋಗುತ್ತದೆ. ಹಾಗೆಯೇ ಒಮ್ಮೆ ಗಸಿಯಾದ ಕಬ್ಬಿಣದ ಮೇಲೆ ದ್ರವ ಸುರಿದರೆ ಅದರ ಪ್ರಯೋಜನ ಅತ್ಯಲ್ಪ. ಕಟ್ಟಿಹಾಕಿದ ಕಬ್ಬಿಣ ಟಬ್ಬಿನಲ್ಲೇ ಉಳಿದಿರುತ್ತದೆ ಎಂಬುದನ್ನೂ ಮರೆಯಬಾರದು. ಕ್ಲೋರಿನ್ ಆ ದ್ರವವನ್ನು ದಿನೇ ದಿನೇ ಒಡೆಯುತ್ತಾ ಹೋಗುವುದರಿಂದ ಲೇಬಲ್ ಹೇಳಿದ ಅಂತರದಲ್ಲಿ ಮತ್ತೆ ಹಾಕುತ್ತಿರಬೇಕು, ತಪ್ಪಿದರೆ ಬಣ್ಣ ಮರಳುತ್ತದೆ. ಆದ್ದರಿಂದ ಕಬ್ಬಿಣ ಅತ್ಯಲ್ಪವಿದ್ದಾಗ, ಅಥವಾ ಸೋಸಿದ ಮೇಲೂ ಉಳಿದ ಚೂರುಪಾರಿಗೆ, ಕ್ಲೋರಿನ್ನಿಗೆ ಮುಂಚೆ ಹಾಕುವುದಾದರೆ ಮಾತ್ರ ನಾನು ಇದನ್ನು ಒಪ್ಪುತ್ತೇನೆ.

ಮೊದಲನೆಯ ದಾರಿಗೆ ಬೇಕಾದದ್ದು ಒಂದು ಪ್ರತ್ಯೇಕ ಟ್ಯಾಂಕ್ ಮತ್ತು ಒಂದು ರಾತ್ರಿಯ ತಾಳ್ಮೆ. ಬಾವಿ ನೀರನ್ನು ಟ್ಯಾಂಕಿಗೆ ಎತ್ತರದಿಂದ, ಶವರ್‌ನಂತೆ ಚಿಮುಕಿಸಿ ಬಿಡಿ. ಗಾಳಿ ಬೆರೆಯುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ. ಆಮೇಲೂ ಪಿಎಚ್ 7ಕ್ಕಿಂತ ಕೆಳಗಿದ್ದರೆ ಸ್ವಲ್ಪ ಸೋಡಾ ಆ್ಯಶ್ (ಸೋಡಿಯಂ ಕಾರ್ಬೊನೇಟ್) ಕರಗಿಸಿ 7.5ರ ಆಸುಪಾಸಿಗೆ ತನ್ನಿ. ಬಳಿಕ ಕ್ಲೋರಿನ್. ಒಂದು ಮಿಲಿಗ್ರಾಂ ಕಬ್ಬಿಣಕ್ಕೆ 0.64 ಮಿಲಿಗ್ರಾಂ ಕ್ಲೋರಿನ್ ಲೆಕ್ಕಕ್ಕೆ ಸಾಕಾದರೂ ನೀರಿನ ಇತರ ವಸ್ತುಗಳೂ ಅದನ್ನು ತಿನ್ನುವುದರಿಂದ, ಕೊನೆಗೆ ಪರೀಕ್ಷೆಯಲ್ಲಿ ಸ್ವಲ್ಪ ಕ್ಲೋರಿನ್ ಉಳಿದು ಕಾಣುವವರೆಗೆ ಹಾಕಬೇಕು. ನೀರು ಕೆಂಪಾಗುತ್ತದೆ, ಹೆದರಬೇಡಿ, ನಮಗೆ ಬೇಕಾದದ್ದೇ ಅದು. ರಾತ್ರಿಯಿಡೀ ಅಲುಗಾಡಿಸದೆ ಬಿಟ್ಟರೆ ಗಸಿ ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ, ಇಳಿಯದಿದ್ದರೆ ಇನ್ನೂ ಒಂದು ದಿನ ಕಾಯಿರಿ. ತಳದಿಂದ ಒಂದು ಗೇಣು ಮೇಲಕ್ಕೆ ಪೈಪು ಹಿಡಿದು, 5 ಮೈಕ್ರಾನಿನ ಕಾರ್ಟ್ರಿಜ್ ಮೂಲಕ ಹಾಯಿಸಿ ಟಬ್ಬಿಗೆ ತುಂಬಿಸಿ. ಪೈಪಿನ ತುದಿಗೆ ಸಿಕ್ಕಿಸುವ ಫಿಲ್ಟರನ್ನು ನೇರವಾಗಿ ಬಾವಿ ನೀರಿಗೆ ಹಾಕಿ ನಿರಾಶರಾದವರು ಅನೇಕರಿದ್ದಾರೆ. ಕಣಗಳನ್ನಷ್ಟೇ ತಡೆಯುವ ಫಿಲ್ಟರ್ ಕರಗಿದ ಕಬ್ಬಿಣವನ್ನು ಹಿಡಿಯಲಾರದು, ಮೊದಲು ಅದನ್ನು ಕಣವಾಗಿಸಬೇಕು. ಮನೆಗೆಲ್ಲ ಅದೇ ನೀರಾದರೆ ಕಬ್ಬಿಣ ತೆಗೆಯುವ ಗ್ರೀನ್‌ಸ್ಯಾಂಡ್‌ನಂಥ ಶಾಶ್ವತ ಫಿಲ್ಟರ್ ಕೂಡಿಸುವುದೇ ಮೇಲು. ನೀರು ಮೆದುಗೊಳಿಸುವ ಯಂತ್ರವೂ ಸ್ವಲ್ಪ ಮಟ್ಟಿಗೆ ಕಬ್ಬಿಣ ಹಿಡಿಯುತ್ತದೆ, ಆದರೆ ಅದರ ರಾಳದ ಮಣಿಗಳು ತುಕ್ಕಿನಿಂದ ಬೇಗ ಕೆಡುತ್ತವೆ.

ಟಬ್ ಆಗಲೇ ತುಂಬಿ ನೀರು ಕಂದಾಗಿದ್ದರೆ, ಅದನ್ನು ಚೆಲ್ಲಿ ಮತ್ತೆ ಅದೇ ಬಾವಿಯಿಂದ ತುಂಬಿಸಬೇಡಿ, ಅಷ್ಟೇ ಕಬ್ಬಿಣ ಮತ್ತೆ ಬರುತ್ತದೆ. ಹೀಟರ್ ಆಫ್ ಮಾಡಿ, ಪಿಎಚ್ ಸರಿಪಡಿಸಿ, ಕ್ಲೋರಿನ್ನನ್ನು ಕಂತುಗಳಲ್ಲಿ ಹಾಕುತ್ತಾ ಪಂಪ್ ನಡೆಸಿ, ಕಾರ್ಟ್ರಿಜ್ಜನ್ನು ಕೆಲವು ಗಂಟೆಗಳಿಗೊಮ್ಮೆ ತೆಗೆದು ತೊಳೆಯಿರಿ. ಬದಲಿಗೆ ಇನ್ನೊಂದು ಕಾರ್ಟ್ರಿಜ್ ಕೈಯಲ್ಲಿದ್ದರೆ ಕೆಲಸ ಹಗುರ. ಕೊನೆಗೆ ಅದನ್ನು ಮೊದಲು ಜಿಡ್ಡು ತೆಗೆಯುವ ದ್ರಾವಣದಲ್ಲೂ, ಚೆನ್ನಾಗಿ ತೊಳೆದ ಮೇಲೆ ದುರ್ಬಲ ಆಮ್ಲದಲ್ಲೂ ನೆನೆಸಬೇಕು. ಆಮ್ಲವೂ ಕ್ಲೋರಿನ್ನೂ ಒಂದೇ ಬಕೆಟ್ಟಿನಲ್ಲಿ ಎಂದಿಗೂ ಸೇರಕೂಡದು, ವಿಷಾನಿಲ ಏಳುತ್ತದೆ.

ನನ್ನನ್ನು ನಿಜವಾಗಿ ಕಳವಳಕ್ಕೀಡುಮಾಡುವುದು ಬಣ್ಣವಲ್ಲ. ಬಣ್ಣ ಬರುತ್ತದೆಂಬ ಅಂಜಿಕೆಯಿಂದ ಕ್ಲೋರಿನ್ ಹಾಕುವುದನ್ನೇ ಕಡಿಮೆ ಮಾಡುವವರಿದ್ದಾರೆ. ಇನ್ನು ಕೆಲವರು ಹಾಕಿದ್ದನ್ನೆಲ್ಲ ಕಬ್ಬಿಣ ತಿಂದುಹಾಕಿರುವುದು ತಿಳಿಯದೆ, ಹಾಕಿದ್ದೇವಲ್ಲ ಎಂಬ ಧೈರ್ಯದಿಂದ ನೀರಿಗಿಳಿಯುತ್ತಾರೆ. ಹಾಟ್ ಟಬ್ಬಿನ ಬೆಚ್ಚನೆಯ ನೀರಿನಲ್ಲಿ ಚರ್ಮಕ್ಕೆ ಗುಳ್ಳೆ ತರುವ ಸ್ಯೂಡೋಮೋನಾಸ್ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಜೆಟ್‌ಗಳ ತುಂತುರಿನೊಂದಿಗೆ ಶ್ವಾಸಕೋಶ ಸೇರಿ ನ್ಯುಮೋನಿಯಾ ತರುವ ಲೀಜನೆಲ್ಲಾ ಕೂಡ ಬೆಳೆಯಬಲ್ಲದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಹಾಟ್ ಟಬ್‌ಗಳಲ್ಲಿ ಲೀಟರಿಗೆ ಕನಿಷ್ಠ 3 ಮಿಲಿಗ್ರಾಂ ಮುಕ್ತ (ಇನ್ನೂ ಖರ್ಚಾಗದೆ ಉಳಿದ) ಕ್ಲೋರಿನ್, ಬ್ರೋಮಿನ್ ಬಳಸುವುದಾದರೆ 4ರಿಂದ 8 ಮಿಲಿಗ್ರಾಂ, ಪಿಎಚ್ 7.0ರಿಂದ 7.8 ಇರಬೇಕೆನ್ನುತ್ತದೆ. ಪರೀಕ್ಷಾ ಪಟ್ಟಿ ಇಷ್ಟನ್ನು ತೋರಿಸುವವರೆಗೆ, ನೀರು ಎಷ್ಟೇ ತಿಳಿಯಾಗಿ ಕಂಡರೂ, ಮನೆಯವರನ್ನು ಅದಕ್ಕೆ ಇಳಿಸಬೇಡಿ.

ಹಳೆಯ ಕಲೆಗಳ ಮೇಲೆ ವಿಟಮಿನ್ ಸಿ ಮಾತ್ರೆಯೊಂದನ್ನು ಒದ್ದೆ ಮಾಡಿ ಒತ್ತಿ ಹಿಡಿದು ನೋಡಿ. ಮಾತ್ರೆ ತಾಗಿದ ಜಾಗ ತಿಳಿಯಾದರೆ ಕಲೆ ಕಬ್ಬಿಣದ್ದು. ಆಸ್ಕಾರ್ಬಿಕ್ ಆಮ್ಲ ತುಕ್ಕನ್ನು ಮತ್ತೆ ಕರಗುವ ಫೆರಸ್ ಕಬ್ಬಿಣವಾಗಿಸುತ್ತದೆ. ನೀರು ತುಂಬಿದ ಟಬ್ಬಿನಲ್ಲಿ ಇದನ್ನು ಮಾಡಿದರೆ ಕಲೆ ಬಿಟ್ಟ ಕಬ್ಬಿಣ ನೀರಿಗೆ ಸೇರುತ್ತದೆ, ಇದ್ದ ಕ್ಲೋರಿನ್ ಅಳಿದುಹೋಗುತ್ತದೆ, ಮತ್ತೆ ಕ್ಲೋರಿನ್ ಹಾಕಿದ ಕೂಡಲೇ ಕಲೆ ಬೇರೆ ಜಾಗ ಹುಡುಕಿಕೊಳ್ಳುತ್ತದೆ. ನೀರು ಖಾಲಿ ಮಾಡುವ ದಿನಕ್ಕೆ ಕಾದು, ಒಣ ಟಬ್ಬಿನ ಮೇಲೆ ದ್ರಾವಣ ಒರೆಸಿ ತೊಳೆದು ಹೊರಗೆ ಚೆಲ್ಲುವುದೇ ಸರಿ. ತುಕ್ಕಿನ ಕಲೆಗೆ ಬ್ಲೀಚ್ ಮಾತ್ರ ಹಚ್ಚಬೇಡಿ, ಕಲೆ ಇನ್ನಷ್ಟು ಗಟ್ಟಿಯಾಗುತ್ತದೆ.

ಟಬ್ ತುಂಬಿದ ಮೇಲೆ ಟ್ಯಾಂಕನ್ನು ಕಳಚಿ ಬದಿಗಿಡಬೇಡಿ. ಬಿಸಿ ನೀರು ಆವಿಯಾಗುವಾಗ ಕಬ್ಬಿಣ ಹಿಂದೆಯೇ ಉಳಿಯುತ್ತದೆ, ಮಟ್ಟ ಇಳಿದಾಗ ನೇರವಾಗಿ ಬಾವಿಯಿಂದ ಹಾಕುವ ಪ್ರತಿ ಬಕೆಟ್ಟೂ ಅದಕ್ಕೆ ಇನ್ನಷ್ಟು ಕೂಡಿಸುತ್ತದೆ. ಮೇಲಿಂದ ಹಾಕುವ ನೀರೂ ಗಸಿ ಇಳಿದು, ಸೋಸಿ ಬಂದ ನೀರೇ ಆಗಿರಬೇಕು.