ಕೇಳುವ ರೇಡಿಯೋ ಮಾತನ್ನೂ ಆಡುತ್ತದೆ

ಮುಳ್ಳು ತಿರುಗಿಸುವ ಹಳೇ ಎಫ್‌ಎಂ ರೇಡಿಯೋ ಎರಡಿದ್ದರೆ ಈ ಪ್ರಯೋಗ ಮಾಡಿ ನೋಡಿ. ಎರಡನ್ನೂ ಮೇಜಿನ ಮೇಲೆ ಒತ್ತಿಗೆ ಇಡಿ. ಮೊದಲನೆಯದನ್ನು 103ರ ಆಸುಪಾಸು ಯಾವ ಸ್ಟೇಷನ್ನೂ ಇಲ್ಲದ ಕಡೆ ನಿಲ್ಲಿಸಿ, ಬರೀ 'ಸ್ಸ್ಸ್' ಅನ್ನುತ್ತಿರಲಿ. ಎರಡನೆಯದರ ಮುಳ್ಳನ್ನು 92ರ ಹತ್ತಿರ ನಿಧಾನವಾಗಿ ತಿರುಗಿಸುತ್ತಾ ಹೋಗಿ. ಒಂದು ಜಾಗಕ್ಕೆ ಬಂದಾಗ ಮೊದಲನೆಯದರ ಗೊರಗೊರ ತಟ್ಟನೆ ನಿಂತುಬಿಡುತ್ತದೆ. ನಾನು ಮೊದಲ ಸಲ ಇದನ್ನು ಕೇಳಿದಾಗ ಬ್ಯಾಟರಿ ಮುಗಿಯಿತೇನೋ ಅಂದುಕೊಂಡೆ. ಮುಗಿದಿರಲಿಲ್ಲ. ಎರಡನೇ ರೇಡಿಯೋ ಹೊರಡಿಸುತ್ತಿದ್ದ ಮಾತಿಲ್ಲದ ಒಂದು ಶುದ್ಧ ತರಂಗವನ್ನು ಮೊದಲನೆಯದು ಹಿಡಿದಿತ್ತು.

'ವಿಮಾನದಲ್ಲಿ ಫೋನ್ ಆಫ್ ಮಾಡಿ ಅನ್ನೋದೆಲ್ಲ ಸುಮ್ಮನೆ ಹೆದರಿಸೋಕೆ' ಎನ್ನುವವರಿಗೆ ನಾನು ಹೇಳುವುದು ಈ ಪ್ರಯೋಗವನ್ನೇ. ಫೋನ್ ಆನ್ ಇಟ್ಟರೆ ವಿಮಾನ ಬಿದ್ದೇಹೋಗುತ್ತದೆ ಎಂದು ನಂಬುವವರಿಗೂ ಇದನ್ನೇ ಹೇಳುತ್ತೇನೆ. ಆ ನಿಯಮ ಹುಟ್ಟಿದ್ದು ಮೊಬೈಲಿನಿಂದ ಅಲ್ಲ, ಪ್ರಯಾಣಿಕರ ಕೈಯಲ್ಲಿದ್ದ ಪುಟ್ಟ ರೇಡಿಯೋದಿಂದ.

ಹಾಡು ಕೇಳುವ ಪೆಟ್ಟಿಗೆ ತಾನೇ ತರಂಗ ಹೊರಡಿಸುವುದು ಯಾಕೆ? ಇದರ ಹಿಂದಿರುವ ಉಪಾಯ ರೇಡಿಯೋ ಎಂಜಿನಿಯರ್ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಅವರದು. ಮೊದಲ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ, ಅಮೆರಿಕದ ಸೇನೆಯಲ್ಲಿದ್ದು ಪ್ಯಾರಿಸ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಅವರಿಗೆ ಇದು ಹೊಳೆಯಿತು. ತಂಬೂರಿ ಶ್ರುತಿ ಮಾಡುವುದನ್ನು ಹತ್ತಿರದಿಂದ ಕೇಳಿದ್ದೀರಾ? ಎರಡು ತಂತಿ ಇನ್ನೇನು ಕೂಡಬೇಕು ಅನ್ನುವಾಗ 'ವೊಂಯ್... ವೊಂಯ್...' ಎಂದು ನಿಧಾನವಾದ ಒಂದು ಅಲೆ ಏಳುತ್ತದೆ. ಅದು ಆ ತಂತಿಯದೂ ಅಲ್ಲ, ಈ ತಂತಿಯದೂ ಅಲ್ಲ. ಎರಡರ ನಡುವಿನ ವ್ಯತ್ಯಾಸವೇ ಸದ್ದಾಗಿ ಕೇಳುವುದು. ರೇಡಿಯೋ ಒಳಗೂ ಹೀಗೇ. ಆಂಟೆನಾದಿಂದ ಬಂದ ತರಂಗದ ಜೊತೆ ರೇಡಿಯೋ ತನ್ನದೇ ಒಂದು ತರಂಗ ಹುಟ್ಟಿಸಿ ಬೆರೆಸುತ್ತದೆ. ಎರಡರ ವ್ಯತ್ಯಾಸ ಯಾವಾಗಲೂ 10.7 ಮೆಗಾಹರ್ಟ್ಸ್ ಇರುವಂತೆ ನೋಡಿಕೊಳ್ಳುತ್ತದೆ. ಸಂತೆಗೆ ರಾಗಿ ಬರಲಿ, ಭತ್ತ ಬರಲಿ, ಅಳೆಯುವುದು ಅದೇ ಸೇರಿನಲ್ಲಿ; ಹಾಗೆ ಯಾವ ಸ್ಟೇಷನ್ ಬಂದರೂ ಒಳಗಿನ ಯಂತ್ರಕ್ಕೆ ಸಿಗುವುದು 10.7 ಮಾತ್ರ. ನೀವು 92.7 ಕೇಳುತ್ತಿದ್ದರೆ ಸಾಮಾನ್ಯವಾಗಿ ಒಳಗಿನ ತಂತಿ 103.4ಕ್ಕೆ ಮಿಡಿಯುತ್ತಿರುತ್ತದೆ. ಅದರಲ್ಲಿ ಚೂರು ಹೊರಗೂ ಸೋರುತ್ತದೆ. ಮೇಜಿನ ಮೇಲೆ ಗೊರಗೊರ ನಿಲ್ಲಿಸಿದ್ದು ಆ ಸೋರಿಕೆ.

ಈಗ ಬೆಂಗಳೂರು ಆಕಾಶವಾಣಿಯ ಎಫ್‌ಎಂ ರೇನ್‌ಬೋ ಕೇಳೋಣ: 101.3. ಅದಕ್ಕೆ 10.7 ಕೂಡಿಸಿ. 112.0 ಬಂತು. ವಿಮಾನಕ್ಕೆ ದಿಕ್ಕು ತೋರಿಸುವ ವಿಓಆರ್ ಕೇಂದ್ರಗಳು, ರನ್‌ವೇಗೆ ನೇರವಾಗಿ ಇಳಿಸುವ ಸಿಗ್ನಲ್, ಎಲ್ಲ ಇರುವುದು 108ರಿಂದ 118ರ ನಡುವೆ! 98ರಿಂದ 107ರವರೆಗಿನ ಯಾವ ಸ್ಟೇಷನ್ ಹಾಕಿದರೂ ರೇಡಿಯೋದ ಪಿಸುಮಾತು ಹೋಗಿ ಬೀಳುವುದು ಅಲ್ಲೇ.

ವಿಓಆರ್ ಎಂದರೆ ಏನು? ಕಾಪು ದೀಪಸ್ತಂಭದ ಬೆಳಕು ಒಂದೇ ವೇಗದಲ್ಲಿ ಸುತ್ತುತ್ತಿದೆ, ಅದು ಉತ್ತರಕ್ಕೆ ತಿರುಗಿದಾಗಲೆಲ್ಲ ಒಂದು ಗಂಟೆ ಬಾರಿಸುತ್ತಾರೆ ಅಂದುಕೊಳ್ಳಿ. ಗಂಟೆ ಕೇಳಿದ ಎಷ್ಟು ಹೊತ್ತಿಗೆ ಬೆಳಕು ಕಣ್ಣಿಗೆ ಬಿತ್ತು ಎಂದು ಎಣಿಸಿದರೆ ಸಾಕು, ಕತ್ತಲಲ್ಲಿರುವ ದೋಣಿಯವನಿಗೆ ತಾನು ದೀಪಸ್ತಂಭದ ಯಾವ ದಿಕ್ಕಿನಲ್ಲಿದ್ದೇನೆ ಎಂದು ಗೊತ್ತಾಗುತ್ತದೆ. ವಿಓಆರ್ ಈ ಕೆಲಸವನ್ನು ಸೆಕೆಂಡಿಗೆ 30 ಸಲ ರೇಡಿಯೋ ತರಂಗದಲ್ಲಿ ಮಾಡುತ್ತದೆ. ದೂರದ ಕೇಂದ್ರದಿಂದ ಬರುವ ಸಿಗ್ನಲ್ ಬಹಳ ಕ್ಷೀಣ. ವಿಮಾನದೊಳಗೆ ಕಿಟಕಿ ಪಕ್ಕ ಕೂತ ರೇಡಿಯೋ ಮಾತ್ರ ವಿಮಾನದ ಆಂಟೆನಾಗೆ ತೀರಾ ಹತ್ತಿರ. ಸಂತೆಯ ಆ ತುದಿಯಲ್ಲಿ ಕೂಗುವವನಿಗಿಂತ ಕಿವಿ ಹತ್ತಿರ ಗುನುಗುವವನೇ ಜೋರಾಗಿ ಕೇಳಿಸುವುದಿಲ್ಲವೇ?

ಅಮೆರಿಕದಲ್ಲಿ 1960ರ ದಶಕದ ಮೊದಲ ವರ್ಷಗಳಲ್ಲಿ ಇದನ್ನು ಅಳೆದು ನೋಡಿ, ವಿಮಾನದಲ್ಲಿ ಇಂಥ ಸಾಧನ ಬಳಸಬಾರದು ಎಂದು 1966ರಲ್ಲಿ ನಿಯಮ ಮಾಡಿದರು. ಅದರಲ್ಲಿ ಕಿವಿಗೆ ಹಾಕುವ ಶ್ರವಣಯಂತ್ರ, ಪೇಸ್‌ಮೇಕರ್, ಧ್ವನಿಮುದ್ರಣ ಯಂತ್ರ, ಕೊನೆಗೆ ಗಡ್ಡ ಬೋಳಿಸುವ ವಿದ್ಯುತ್ ಶೇವರಿಗೂ ವಿನಾಯಿತಿ ಕೊಟ್ಟಿದ್ದಾರೆ. ಗೊಡ್ಡು ಭಯದಿಂದ ಬರೆದವರು ಇಷ್ಟು ಬಿಡಿಸಿ ನೋಡುತ್ತಿರಲಿಲ್ಲ.

ಮೊಬೈಲಿನ ಕಥೆ ಬೇರೆ. ಅದರ ತರಂಗಗಳು 108–118ರಿಂದ ಬಹಳ ಮೇಲೆ. 1991ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಹಾರುವ ವಿಮಾನದಲ್ಲಿ ಮೊಬೈಲ್ ಬೇಡ ಎಂದದ್ದು ಮುಖ್ಯವಾಗಿ ನೆಲದ ಟವರ್‌ಗಳ ಚಿಂತೆಯಿಂದ: ಎತ್ತರದಲ್ಲಿರುವ ಫೋನು ಒಮ್ಮೆಗೇ ಹತ್ತಾರು ಟವರ್‌ಗಳನ್ನು ತಟ್ಟುತ್ತದೆ. 2013ರಲ್ಲಿ ಅಮೆರಿಕ, 2014ರಲ್ಲಿ ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ, ಹಾರಾಟದುದ್ದಕ್ಕೂ ಫ್ಲೈಟ್ ಮೋಡ್‌ನಲ್ಲಿ ಫೋನ್ ಬಳಸಲು ಒಪ್ಪಿದವು.

ಹಾಗಾದರೆ ಫ್ಲೈಟ್ ಮೋಡ್ ಆದರೂ ಯಾಕೆ? 2ಜಿ ಫೋನನ್ನು ಸ್ಪೀಕರ್ ಪಕ್ಕ ಇಟ್ಟಿದ್ದಾಗ, ಕರೆ ಬರುವ ಮುಂಚೆಯೇ 'ಟಡಟ ಟಡಟ ಟಡಟ' ಅಂದದ್ದು ನೆನಪಿರಬೇಕು. ಆ ಫೋನು ಸೆಕೆಂಡಿಗೆ 217 ಸಲ ಬಿಟ್ಟುಬಿಟ್ಟು ತರಂಗ ಹೊರಡಿಸುತ್ತದೆ, ಸ್ಪೀಕರಿನ ತಂತಿ ಅದನ್ನು ಹಿಡಿದು ಸದ್ದು ಮಾಡುತ್ತದೆ. ಪೈಲಟ್ ಕಿವಿಗೆ ಹಾಕಿಕೊಂಡ ಹೆಡ್‌ಸೆಟ್‌ನಲ್ಲೂ ಅದೇ ಸದ್ದು ಬರಬಹುದು. ಇಳಿಯುವ ಹೊತ್ತಿಗೆ ಕಂಟ್ರೋಲ್ ಟವರಿನವರು ರನ್‌ವೇ ಸಂಖ್ಯೆ ಹೇಳುತ್ತಿರುವಾಗಲೇ ಅದು ಬಂದರೆ, ಪೈಲಟ್ 'ಇನ್ನೊಮ್ಮೆ ಹೇಳಿ' ಎಂದು ಕೇಳಬೇಕಾಗುತ್ತದೆ.