ಬಂದವರ ಲೆಕ್ಕ ಸಿಗುತ್ತದೆ, ಹೋದವರದ್ದು?

ಒಂದು ದೇಶದ ಜನಸಂಖ್ಯೆ ಏರಿಳಿಯುವುದಕ್ಕೆ ನಾಲ್ಕೇ ಕಾರಣ. ಹುಟ್ಟು, ಸಾವು, ಬರುವವರು, ಹೋಗುವವರು. ಹುಟ್ಟು ಸಾವಿಗೆ ಪ್ರಮಾಣಪತ್ರ ಇರುತ್ತದೆ. ಬರುವವರಿಗೆ ವೀಸಾ, ಪರ್ಮಿಟ್ಟು ಇರುತ್ತದೆ. ಕೈಕೊಡುವುದು ಹೋಗುವವರ ಲೆಕ್ಕ. ಜನಸಂಖ್ಯೆಯ ಲೆಕ್ಕ ಹಾಕುವ ನಮ್ಮಂಥವರಿಗೆ ಜಾಸ್ತಿ ತಲೆನೋವು ಇದರದ್ದೇ.

ಜರ್ಮನಿಯನ್ನೇ ನೋಡಿ. ಅಲ್ಲಿ ಹೊಸ ಮನೆಗೆ ಬಂದ ಕೂಡಲೇ ವಿಳಾಸ ನೋಂದಾಯಿಸಬೇಕು. ಅದಿಲ್ಲದಿದ್ದರೆ ಮುಂದಿನ ಎಷ್ಟೋ ಕೆಲಸಗಳು ನಿಂತುಬಿಡುತ್ತವೆ. ಹಾಗಾಗಿ ಜನ ತಾವೇ ಹೋಗಿ ನೋಂದಾಯಿಸುತ್ತಾರೆ. ದೇಶ ಬಿಡುವಾಗ ಹೆಸರು ತೆಗೆಸಬೇಕು ಅನ್ನುವ ನಿಯಮವೂ ಇದೆ. ಆದರೆ ಗಂಟುಮೂಟೆ ಕಟ್ಟಿದವನಿಗೆ ಅದರಿಂದ ಏನು ಸಿಗುತ್ತದೆ? ಸುಮ್ನೆ ಹೊರಟುಬಿಡುತ್ತಾನೆ. ದಾಖಲೆಯಲ್ಲಿ ಮಾತ್ರ ಅಲ್ಲೇ ಉಳಿಯುತ್ತಾನೆ. 2011ರಲ್ಲಿ ಜನಗಣತಿ ಮಾಡಿದಾಗ ಅದುವರೆಗೆ ಅಂದುಕೊಂಡಿದ್ದಕ್ಕಿಂತ ಸುಮಾರು 15 ಲಕ್ಷ ಜನ ಕಡಿಮೆ ಸಿಕ್ಕರು. ಅದರಲ್ಲಿ ಸುಮಾರು 11 ಲಕ್ಷ ಮಂದಿ ವಿದೇಶಿಯರು. 2022ರ ಗಣತಿಯಲ್ಲೂ ಹೀಗೇ ಆಯಿತು, ಮತ್ತೆ ಸುಮಾರು 14 ಲಕ್ಷ ಕಡಿಮೆ. ದಾಖಲೆ ಇಡುವುದರಲ್ಲಿ ಇಷ್ಟು ಕಟ್ಟುನಿಟ್ಟಾದ ದೇಶದ ಕಥೆಯೇ ಇದು!

ಇದಕ್ಕೆ ನಮ್ಮ ಕಸುಬಿನಲ್ಲಿ ಒಂದು ಉಪಾಯ ಇದೆ. ಬಿಟ್ಟುಹೋದ ದೇಶವನ್ನು ಕೇಳುವ ಬದಲು, ಹೋಗಿ ಸೇರಿದ ದೇಶವನ್ನು ಕೇಳುವುದು. ಅಲ್ಲೂ ತೊಡಕು ತಪ್ಪಿದ್ದಲ್ಲ. ಪೋಲೆಂಡ್ ಬಹಳ ಕಾಲ ಖಾಯಂ ಆಗಿ ಬಿಟ್ಟುಹೋದವರನ್ನು ಮಾತ್ರ ವಲಸಿಗರು ಎಂದು ಎಣಿಸಿತು. ಜರ್ಮನಿ ವಿಳಾಸ ಬರೆಸಿದವರನ್ನೆಲ್ಲ ಎಣಿಸಿತು. ಒಂದೇ ವರ್ಷ, ಪೋಲೆಂಡಿನಿಂದ ಜರ್ಮನಿಗೆ ಹೋಗುವ ಒಂದೇ ದಾರಿ. ಆದರೂ ಜರ್ಮನಿಯ ಅಂಕಿ ಹಲವು ಪಟ್ಟು ದೊಡ್ಡದು.

ವಿಶ್ವಸಂಸ್ಥೆಯ ಪ್ರಕಾರ 2024ರಲ್ಲಿ ಜಗತ್ತಿನಲ್ಲಿ ಸುಮಾರು 30.4 ಕೋಟಿ ವಲಸಿಗರು ಇದ್ದರು, ಅಂದರೆ 100ಕ್ಕೆ 4 ಜನರೂ ಇಲ್ಲ. ಇದು ಆ ವರ್ಷ ಊರು ಬಿಟ್ಟವರ ಸಂಖ್ಯೆ ಅಲ್ಲ. ಹುಟ್ಟಿದ ದೇಶ ಬಿಟ್ಟು ಬೇರೆ ಕಡೆ ಇರುವವರೆಲ್ಲ, 40 ವರ್ಷದ ಹಿಂದೆ ಬಂದವರೂ ಸೇರಿ, ಇದರಲ್ಲಿ ಇದ್ದಾರೆ. ಹುಟ್ಟಿದ ದೇಶದ ಮಾಹಿತಿ ಇಲ್ಲದ ಕಡೆ ಪೌರತ್ವ ನೋಡುತ್ತಾರೆ. ಗಡಿಯೇ ಸರಿದರೂ ಈ ಸಂಖ್ಯೆ ಏರುತ್ತದೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ 2 ಕೋಟಿಗೂ ಹೆಚ್ಚು ಜನ ಕೂತಲ್ಲೇ ವಲಸಿಗರಾದರು. ಹಿಂದೆಂದೋ ರಷ್ಯಾದಿಂದ ಕಜಕಿಸ್ತಾನಕ್ಕೆ ಬಂದು ನೆಲೆಸಿದವರಿಗೆ ಅದುವರೆಗೆ ಅದು ಒಂದೇ ದೇಶ ಅಲ್ವಾ?

ಇನ್ನು ವರ್ಷವರ್ಷದ ಚಲನೆ. ಕನಿಷ್ಠ 12 ತಿಂಗಳು ನೆಲೆ ಬದಲಾಯಿಸಿದವರನ್ನೇ ದೀರ್ಘಾವಧಿ ವಲಸಿಗರು ಅನ್ನುವುದು ವಾಡಿಕೆ. ಹಾಗಾದರೆ ಒಬ್ಬ ರಜೆಗೆ ಹೋದನೋ, ದೇಶವನ್ನೇ ಬಿಟ್ಟನೋ ಅಂತ ತಿಳಿಯಲು ಒಂದು ವರ್ಷ ಕಾಯಬೇಕು. ಸರ್ಕಾರಗಳು, ಪತ್ರಿಕೆಗಳು ಎಲ್ಲಿ ಕಾಯುತ್ತವೆ? ಬ್ರಿಟನ್ ಮೊದಲು ವಿಮಾನ ನಿಲ್ದಾಣ, ಬಂದರುಗಳಲ್ಲಿ ಒಂದಿಷ್ಟು ಪ್ರಯಾಣಿಕರನ್ನು ನಿಲ್ಲಿಸಿ, ಎಷ್ಟು ದಿನ ಇರುತ್ತೀರಿ ಅಂತ ಕೇಳಿ ಅಂದಾಜು ಮಾಡುತ್ತಿತ್ತು. 2020ರಲ್ಲಿ ಕೋವಿಡ್ ಬಂದು ಅದು ನಿಂತಿತು. ಆಮೇಲೆ ವೀಸಾ, ತೆರಿಗೆಯಂಥ ಸರ್ಕಾರಿ ದಾಖಲೆಗಳ ಮೊರೆ ಹೋದರು. ಜೂನ್ 2023ಕ್ಕೆ ಮುಗಿದ ವರ್ಷದಲ್ಲಿ ಬಂದವರಲ್ಲಿ ಹೋದವರನ್ನು ಕಳೆದರೆ ಉಳಿದವರು 6,72,000 ಅಂತ ಮೊದಲು ಪ್ರಕಟಿಸಿದರು. ಒಂದು ವರ್ಷದ ನಂತರ ಅದೇ ಅಂಕಿ 9,06,000 ಆಗಿತ್ತು. ಇದರಲ್ಲಿ ಮೋಸ ಹುಡುಕುವವರು ಇದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ದಾಖಲೆ ತಡವಾಗಿ ಬಂತು, ಲೆಕ್ಕ ತಿದ್ದಿದರು, ಅಷ್ಟೇ. ಆದರೆ ಮೊದಲ ಅಂಕಿ ಹಿಡಿದು ಆಗಲೇ ಚರ್ಚೆ ಮುಗಿದಿರುತ್ತದೆ, ನಿಯಮಗಳೂ ಬದಲಾಗಿರುತ್ತವೆ. ಅದಕ್ಕೇ ಹೊಸ ಅಂಕಿ ಬಂದ ದಿನ ಯಾರಾದರೂ ಅಭಿಪ್ರಾಯ ಕೇಳಿದರೆ, ಹಿಂದಿನ ವರ್ಷದ ಅಂಕಿಯನ್ನು ಎಷ್ಟು ತಿದ್ದಿದ್ದಾರೆ ನೋಡಿ ಅಂತಷ್ಟೇ ಹೇಳುತ್ತೇನೆ.