ಓವರ್‌ಟೇಕ್ ಕೈತಪ್ಪುವುದು ತಿರುವಿನಲ್ಲಿ

ಹಿಂದಿನ ಕಾರು ಸುತ್ತಿಗೆ ಅರ್ಧ ಸೆಕೆಂಡು ವೇಗವಾಗಿದೆ, ಆದರೂ ದಾಟುತ್ತಿಲ್ಲ, ಡ್ರೈವರ್‌ಗೆ ಧೈರ್ಯ ಸಾಲದು. ಫಾರ್ಮುಲಾ ಒನ್ ರೇಸ್ ನೋಡುವವರು ಹೀಗೆ ಹೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ರೇಸ್ ನಡೆಯುವಾಗ ಕಾರಿನ ಡೇಟಾ ನೋಡುವುದು ನನ್ನ ಕೆಲಸ, ಅಲ್ಲಿ ಕಾಣುವ ಕಥೆಯೇ ಬೇರೆ. ಮುಂದಿನ ಕಾರಿಗೆ ಎರಡು ಸೆಕೆಂಡು ಅಂತರ ಇರುವವರೆಗೆ ಎಲ್ಲ ಸರಿಯಾಗಿರುತ್ತದೆ. ಅದು ಒಂದು ಸೆಕೆಂಡಿಗೆ ಇಳಿಯಿತೋ, ವೇಗದ ತಿರುವಿನಲ್ಲಿ ಡ್ರೈವರ್ ಸ್ಟೀರಿಂಗ್ ಜಾಸ್ತಿ ತಿರುಗಿಸುತ್ತಾನೆ, ಕಾರು ಮಾತ್ರ ಹೊರಗೆ ಜಾರುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತುವುದು ಕೆಲವು ಮೀಟರ್ ತಡವಾಗುತ್ತದೆ. ಅಷ್ಟು ಸಾಕು. ಮುಂದಿನ ನೇರ ದಾರಿ ಶುರುವಾಗುವ ಮೊದಲೇ ಅವಕಾಶ ಹೋಗಿರುತ್ತದೆ.

ಕಾರಣ ಗಾಳಿ. ಫಾರ್ಮುಲಾ ಒನ್ ಕಾರು ತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡಂತೆ ಓಡುವುದು ಡೌನ್‌ಫೋರ್ಸ್‌ನಿಂದ, ಅಂದರೆ ಗಾಳಿ ಕಾರನ್ನು ಕೆಳಕ್ಕೆ ಒತ್ತುವುದರಿಂದ. ಅದಕ್ಕೆ ಎದುರಿನಿಂದ ಬರುವ ಗಾಳಿ ಶಾಂತವಾಗಿರಬೇಕು. ಆದರೆ ಮುಂದೆ ಒಂದು ಕಾರು ಹೋಗಿದ್ದರೆ ಅದು ಗಾಳಿಯನ್ನು ಕದಡಿ, ಸುಳಿ ಎಬ್ಬಿಸಿ, ಬಲ ಹೀರಿಕೊಂಡು ಬಿಟ್ಟಿರುತ್ತದೆ. ಮೊದಲ ಪೆಟ್ಟು ಹಿಂದಿನ ಕಾರಿನ ಮೂತಿಯಲ್ಲಿರುವ ರೆಕ್ಕೆಗೆ, ಅಂದರೆ ಗಾಳಿಯಿಂದ ಕಾರನ್ನು ಕೆಳಕ್ಕೆ ಒತ್ತಿಸುವ ಅಡ್ಡಪಟ್ಟಿಗೆ. ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗಿ ಟೈರ್ ಉಜ್ಜಿಕೊಂಡು ಹೋಗುತ್ತದೆ, ಉಜ್ಜಿದಷ್ಟೂ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಹಿಡಿತ ಇನ್ನೂ ಕಳೆದುಕೊಳ್ಳುತ್ತದೆ. ಎರಡು ಮೂರು ಸುತ್ತು ಹೀಗೆ ಬೆನ್ನಟ್ಟಿದ ಮೇಲೆ, ಸ್ವಲ್ಪ ಹಿಂದೆ ಸರಿ, ಟೈರ್ ತಣ್ಣಗಾಗಲಿ ಅಂತ ರೇಡಿಯೋದಲ್ಲಿ ಹೇಳಲೇಬೇಕಾಗುತ್ತದೆ. ಟಿವಿಯಲ್ಲಿ ನೋಡುವವರಿಗೆ ಅದು ಸೋತು ಕೈಬಿಟ್ಟಂತೆ ಕಾಣುತ್ತದೆ.

2010ರ ಅಬುಧಾಬಿ ರೇಸ್ ನೆನಪಿದೆಯಾ? ಚಾಂಪಿಯನ್‌ಶಿಪ್‌ನಲ್ಲಿ ಮುಂದಿದ್ದ ಫೆರಾರಿ ಡ್ರೈವರ್ ಅಲೊನ್ಸೊ, ರೆನೊ ತಂಡದ ಪೆಟ್ರೊವ್ ಹಿಂದೆ ಸುಮಾರು 40 ಸುತ್ತು ಸಿಕ್ಕಿಕೊಂಡು ಪಟ್ಟವನ್ನೇ ಕಳೆದುಕೊಂಡರು. ಮರುವರ್ಷ ಡಿಆರ್‌ಎಸ್, ಅಂದರೆ ಗಾಳಿಯ ತಡೆ ಕಡಿಮೆ ಮಾಡುವ ವ್ಯವಸ್ಥೆ ಬಂತು, ಅದರ ತೀರ್ಮಾನ ಮೊದಲೇ ಆಗಿತ್ತು. ಮುಂದಿನ ಕಾರಿಗೆ ಒಂದು ಸೆಕೆಂಡಿನೊಳಗೆ ಇದ್ದರೆ, ಗೊತ್ತುಪಡಿಸಿದ ನೇರ ದಾರಿಯಲ್ಲಿ ಹಿಂದಿನ ರೆಕ್ಕೆಯ ಪಟ್ಟಿ ತೆರೆದು ವೇಗ ಹೆಚ್ಚಿಸಿಕೊಳ್ಳಬಹುದಿತ್ತು. ಓವರ್‌ಟೇಕ್‌ಗಳೇನೋ ಜಾಸ್ತಿಯಾದವು, ನಿಜ. ಆದರೂ ನನಗೆ ಅದು ಎಂದೂ ಹಿಡಿಸಲಿಲ್ಲ, ಯಾಕೆಂದರೆ ರೋಗ ಇರುವುದು ತಿರುವಿನಲ್ಲಿ, ಮದ್ದು ಕೊಟ್ಟಿದ್ದು ನೇರ ದಾರಿಗೆ. ನಾಲ್ಕೈದು ಕಾರು ಸಾಲಾಗಿ ಬಂದು, ಮೊದಲನೆಯವನನ್ನು ಬಿಟ್ಟು ಎಲ್ಲರೂ ರೆಕ್ಕೆ ತೆರೆದರೆ ಯಾರಿಗೂ ಯಾರನ್ನೂ ದಾಟುವುದು ಕಷ್ಟವಾಗುತ್ತಿತ್ತು.

ರೋಗಕ್ಕೇ ಕೈ ಹಾಕಿದ್ದು 2022ರ ನಿಯಮಗಳು. ಡೌನ್‌ಫೋರ್ಸ್‌ನ ದೊಡ್ಡ ಪಾಲು ಕಾರಿನ ಅಡಿಯ ಸುರಂಗಗಳಿಂದ ಬರುವಂತೆ ಮಾಡಿದರು, ರೆಕ್ಕೆಗಳನ್ನು ಸರಳ ಮಾಡಿದರು, ಕೆಟ್ಟ ಗಾಳಿ ಹಿಂದಿನ ಕಾರಿನ ತಲೆಯ ಮೇಲೆ ಹಾದುಹೋಗುವಂತೆ ನೋಡಿಕೊಂಡರು. ಫಾರ್ಮುಲಾ ಒನ್ ಆಗ ಕೊಟ್ಟ ಲೆಕ್ಕದ ಪ್ರಕಾರ, ಹಳೆಯ ಕಾರು 10 ಮೀಟರ್ ಹಿಂದೆ ಓಡುವಾಗ ಶೇ. 46ರಷ್ಟು ಡೌನ್‌ಫೋರ್ಸ್ ಕಳೆದುಕೊಳ್ಳುತ್ತಿತ್ತು, ಹೊಸದು ಶೇ. 18 ಮಾತ್ರ. ಮೊದಲ ವರ್ಷ ಡ್ರೈವರ್‌ಗಳೇ ಖುಷಿಯಿಂದ ಅದನ್ನು ಹೇಳಿದರು.

ಆದರೆ ಆ ಲಾಭ ಉಳಿಯಲಿಲ್ಲ, ವರ್ಷದಿಂದ ವರ್ಷಕ್ಕೆ ಹತ್ತಿರ ಓಡುವುದು ಮತ್ತೆ ಕಷ್ಟವಾಯಿತು. ಇದಕ್ಕೆ ನಮ್ಮಂಥ ಎಂಜಿನಿಯರ್‌ಗಳೇ ಕಾರಣ. ಮುಂದಿನ ಚಕ್ರ ಉರುಳುವಾಗ ಏಳುವ ಕೆಟ್ಟ ಗಾಳಿ ಒಳಗೆ ಬಂದರೆ ನಮ್ಮದೇ ಕಾರಿನ ತಳ ಸರಿಯಾಗಿ ಕೆಲಸ ಮಾಡುವುದಿಲ್ಲ, ಹಾಗಾಗಿ ಅದನ್ನು ಆದಷ್ಟು ಹೊರಗೆ ತಳ್ಳುತ್ತೇವೆ. ಹೊರಗೆ ತಳ್ಳಿದ್ದು ಹೋಗುವುದೆಲ್ಲಿಗೆ? ಹಿಂದಿನವನ ಮುಖಕ್ಕೆ. ರೆಕ್ಕೆಯ ತುದಿಯಲ್ಲಿ ಒಂದು ಚಿಕ್ಕ ಸಂದು, ತಳದ ಅಂಚಿನಲ್ಲಿ ಒಂದು ಬಾಗು, ಹೀಗೆ ನಿಯಮದಲ್ಲಿ ಎಲ್ಲಿ ಜಾಗ ಸಿಕ್ಕರೂ ಬಳಸುತ್ತೇವೆ. ಹಿಂದಿನವನಿಗೆ ದಾರಿ ಮಾಡಿಕೊಡಲು ನಮಗೆ ಯಾರೂ ಸಂಬಳ ಕೊಡುವುದಿಲ್ಲ ಅಲ್ವಾ. ಅದಕ್ಕೇ ಇಂಥ ನಿಯಮವನ್ನು ಒಮ್ಮೆ ಬರೆದು ಸುಮ್ನೆ ಕೂರಲಾಗದು, ಪ್ರತಿ ವರ್ಷ ಬಿಗಿ ಮಾಡುತ್ತಲೇ ಇರಬೇಕು.

ಇನ್ನೊಂದು ತೊಡಕೂ ಇದೆ. ನೇರ ದಾರಿಯಲ್ಲಿ ಮುಂದಿನ ಕಾರಿನ ಮರೆಯಲ್ಲಿ ಓಡಿದರೆ ಗಾಳಿಯ ತಡೆ ಕಡಿಮೆಯಾಗಿ ವೇಗ ಬರುತ್ತದೆ. ತಿರುವಿನಲ್ಲಿ ಕಾಟ ಕೊಡುವ ಗಾಳಿಯೇ ಇಲ್ಲಿ ಸಹಾಯ ಮಾಡುತ್ತದೆ. ಗಾಳಿಯನ್ನು ಶುದ್ಧ ಮಾಡಿದ ಹಾಗೆ ಆ ಸಹಾಯವೂ ಕಡಿಮೆಯಾಗುತ್ತದೆ, 2022ರ ನಂತರವೂ ಡಿಆರ್‌ಎಸ್ ಬಿಡಲಾಗದ್ದು ಇದಕ್ಕೇ.

ಗಾಳಿಯ ಹೊರತಾಗಿ ಬ್ರೇಕ್ ಮತ್ತು ಅಗಲದ ವಿಷಯ. ಕಾರ್ಬನ್ ಬ್ರೇಕ್‌ನಿಂದ ಕಾರು ಬಲು ಬೇಗ ನಿಧಾನವಾಗುತ್ತದೆ, ಬ್ರೇಕ್ ಹಾಕುವ ದೂರ ಚಿಕ್ಕದಾದಷ್ಟೂ ಒಳಗೆ ನುಗ್ಗುವ ಅವಕಾಶ ಚಿಕ್ಕದು. ಇನ್ನು 2017ರಲ್ಲಿ ಕಾರಿನ ಅಗಲವನ್ನು 1.8 ಮೀಟರ್‌ನಿಂದ 2 ಮೀಟರ್‌ಗೆ ಏರಿಸಿದ್ದು ನನ್ನ ಪ್ರಕಾರ ದೊಡ್ಡ ತಪ್ಪು. 2024ರ ಮೊನಾಕೊ ರೇಸ್‌ನಲ್ಲಿ ಮೊದಲ ಹತ್ತು ಮಂದಿ ಹೊರಟ ಕ್ರಮದಲ್ಲೇ ಗುರಿ ಮುಟ್ಟಿದರು. ಆ ಕಿರಿದಾದ ಬೀದಿಗಳಲ್ಲಿ ಅಂಥ ಎರಡು ಕಾರು ಅಕ್ಕಪಕ್ಕ ಹೋಗಲು ಜಾಗವೆಲ್ಲಿದೆ?

2026ರ ನಿಯಮಗಳು ಅಗಲವನ್ನು 1.9 ಮೀಟರ್‌ಗೆ ಇಳಿಸಿವೆ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಗರಿಷ್ಠ ಉದ್ದವನ್ನು 20 ಸೆಂಟಿಮೀಟರ್ ಕಡಿಮೆ ಮಾಡಿವೆ. ಡಿಆರ್‌ಎಸ್ ಹೋಗಿದೆ. ನೇರ ದಾರಿಯಲ್ಲಿ ಹಿಂದೆ ಮುಂದೆ ಎರಡೂ ರೆಕ್ಕೆ ತೆರೆಯುವ ಅನುಕೂಲ ಈಗ ಎಲ್ಲರಿಗೂ ಇದೆ, ಒಂದು ಸೆಕೆಂಡಿನೊಳಗೆ ಇರುವವನಿಗೆ ಸಿಗುವುದು ಹೆಚ್ಚಿನ ವಿದ್ಯುತ್ ಬಲ. ಅದೂ ನೇರ ದಾರಿಯ ಮದ್ದೇ. ನಾನು ನೋಡುವುದು ಮುಂದಿನ ಚಕ್ರಗಳ ಹಿಂದೆ ಇಟ್ಟಿರುವ ಹಲಗೆಗಳನ್ನು. ಚಕ್ರದ ಕೆಟ್ಟ ಗಾಳಿಯನ್ನು ಹೊರಗೆ ಬಿಡದೆ ಒಳಕ್ಕೆ ಎಳೆಯುವುದು ಅವುಗಳ ಕೆಲಸ. ಪ್ರತಿ ತಂಡದಲ್ಲೂ ಯಾರೋ ಒಬ್ಬರು ಕಂಪ್ಯೂಟರ್ ಮುಂದೆ ಕೂತು, ಅದೇ ಹಲಗೆಯಿಂದ ಅದೇ ಗಾಳಿಯನ್ನು ಮತ್ತೆ ಹೊರಗೆ ತಳ್ಳುವುದು ಹೇಗೆಂದು ಹುಡುಕುತ್ತಿರುತ್ತಾರೆ.